ಸೆರಗಿಲ್ಲದ ಫೋಟೊ

ಹೋದ ಬೇಸಿಗೆಯಲ್ಲಿ ಸಣ್ಣ ಮಕ್ಕಳಿಬ್ಬರನ್ನು ಕರೆದುಕೊಂಡು ಹೈದರಾಬಾದಿನ ವಾಟರ್ ಪಾರ್ಕಿಗೆ ಹೋಗಿದ್ದೆವು. ನಾವು ಕೂತ ದೋಣಿ ನೀರಿಗೆ ಜಾರುವಾಗ ಪಾರ್ಕಿನವರು ತೆಗೆದ ಫೋಟೊ ಹೊರಗೆ ಟಿವಿಯಲ್ಲಿ ಕಂಡಿತು. ನನ್ನ ಹೆಂಡತಿ ಮೌನೇಶ್ವರಿ ಮಕ್ಕಳನ್ನು ಅವುಚಿಕೊಂಡು ಬಾಯ್ತುಂಬ ನಗುತ್ತಿದ್ದಳು. ಕೊಳ್ಳೋಣವೆಂದೆ.

"ತಲಿ ಮ್ಯಾಲ ಸೆರಗಿಲ್ಲ. ಮಾವಾರು ನೋಡಿದ್ರ ಏನಂದಾರು? ಬ್ಯಾಡ, ಬರ್ರಿ," ಎಂದು ಕೈ ಹಿಡಿದು ಎಳೆದಳು.

ಶ್ರಾವಣದಲ್ಲಿ ಡೆಂಗಿ ಜ್ವರ ಅವಳನ್ನು ಒಯ್ದಿತು. ಮೊಬೈಲಿನಲ್ಲಿದ್ದ ಅವಳ ಫೋಟೊಗಳಲ್ಲೆಲ್ಲ ಹಣೆವರೆಗೆ ಸೆರಗು, ಬಿಗಿದ ತುಟಿ. ಅಂಥದ್ದೇ ಒಂದಕ್ಕೆ ಕಟ್ಟು ಹಾಕಿಸಿ ಪಾಮನಕಲ್ಲೂರಿನ ಮನೆಯ ಗೋಡೆಗೆ ತೂಗುಹಾಕಿದ್ದೇನೆ.

ನಿನ್ನೆ ನನ್ನಪ್ಪ ಅದರ ಮುಂದೆ ಬಹಳ ಹೊತ್ತು ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಆಕಿ ನಕ್ಕಿದ್ದು ಒಂದೂ ಇಲ್ಲೇನಪಾ?"