ಯಾವ ಆಯ್ತು?

ಚುಕ್ಕಿಗೆ ತಲೆಬುಡ ಒಂದೂ ಅರ್ಥವಾಗುತ್ತಿರಲಿಲ್ಲ. ಶಾಂಪೂ, ಸೋಪು ಮಾರುವ ಬಹುರಾಷ್ಟ್ರೀಯ ಕಂಪನಿಯಲ್ಲಿ ಅವಳಿಗೆ ಕೆಲಸ ಸಿಕ್ಕಾಗ ನೆಂಟರೆಲ್ಲ ಮೂಗಿನ ಮೇಲೆ ಬೆರಳಿಟ್ಟಿದ್ದರು. ಈಗ ಅದೇ ಕಂಪನಿ ಅವಳನ್ನು ಸುಳ್ಳಿ ಎನ್ನುತ್ತಿತ್ತು. ನಾಳೆ ಬೆಳಿಗ್ಗೆ ಮೇಡಂ ಜೊತೆ ಮಾತುಕತೆ. ಕೆಲಸ ಖಾಯಂ ಆಗುವುದೋ, ಗಂಟುಮೂಟೆ ಕಟ್ಟಬೇಕೋ, ಅಲ್ಲೇ ತೀರ್ಮಾನ.

ಮೇಡಂ ಎಂದರೆ ಸಮುದ್ರದಾಚೆ ಕೂತ, ಕಂಪ್ಯೂಟರ್ ತೆರೆಯ ಮೇಲೆ ಎದೆಯವರೆಗೆ ಮಾತ್ರ ಕಾಣುವ ಹೆಂಗಸು. ಅವರಿಗೆ ಕಾಲುಗಳಿವೆಯೋ ಇಲ್ಲವೋ ಚುಕ್ಕಿ ಕಂಡವಳಲ್ಲ. ಬಾಟಲಿಗಳಿಗೆ ಅಂಟಿಸುವ ಲೇಬಲ್ಲಿನಲ್ಲಿ ಏನು ಬದಲಾಗಬೇಕು ಎಂದು ಅವರು ಇಂಗ್ಲಿಷಿನಲ್ಲಿ ಬರೆದು ಕಳಿಸುವುದು, ಚುಕ್ಕಿ ಅದನ್ನು ತಿದ್ದುವುದು. ಕೆಲಸ ಇಷ್ಟೇ. ಕಷ್ಟದ್ದೇನೂ ಅಲ್ಲ, ಅವಳು ಮೈಗಳ್ಳಿಯೂ ಅಲ್ಲ.

ಎಡವಟ್ಟಿನ ಬೀಜ ಬಿದ್ದದ್ದು ತರಬೇತಿಯಲ್ಲಿ. ಹೊಸದಾಗಿ ಪದವಿ ಮುಗಿಸಿ ಬಂದವರನ್ನೆಲ್ಲ ಕೂರಿಸಿಕೊಂಡು ತರಬೇತುದಾರರು ಒಂದು ವಾರ ಕೊರೆದಿದ್ದರು.

"ಪದವಿ ಯಾರ ಹತ್ರ ಇಲ್ಲ ಹೇಳಿ? ಇಂಥ ಕಂಪನೀಲಿ ಮೇಲಕ್ಕೆ ಹೋಗೋರು ಬೇರೇನೇ. ಕೇಳಿದ ತಕ್ಷಣ ಉತ್ತರ ಬರಬೇಕು. ಒಂದೇ ಪದ ಆದ್ರೆ ಇನ್ನೂ ಒಳ್ಳೇದು. ಮುಖದಲ್ಲಿ ಗೊಂದಲ ಕಾಣಿಸ್ತೋ, ಮುಗೀತು!"

ಅವರ ಹೊಸ ಕೋಟಿನ ತೋಳಿನಿಂದ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಗೊಂದಲ ತೋರಿಸಬಾರದಲ್ಲ, ಹಾಗಾಗಿ ಯಾರೂ ತುಟಿ ಬಿಚ್ಚಲಿಲ್ಲ. ವಾರ ಮುಗಿಯುವವರೆಗೂ ಚೀಟಿ ಅವರ ಮಾತಿಗೆ ತಲೆಯಾಡಿಸುತ್ತಲೇ ಇತ್ತು.

ಚುಕ್ಕಿ ಆ ಪಾಠವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೇಡಂ "ಈ ಬಣ್ಣ ಬದಲಿಸು" ಎಂದು ಬರೆದು ಕಣ್ಣು ಮಿಟುಕಿಸುವಷ್ಟರಲ್ಲಿ ಇವಳ ಉತ್ತರ ಹೋಗಿರುತ್ತಿತ್ತು: "ಡನ್." ಆಮೇಲೆ ಕೂತು ನಿಷ್ಠೆಯಿಂದ ಬದಲಿಸುತ್ತಿದ್ದಳು. ಮೇಡಂ "ಅಬ್ಬಾ, ಇಷ್ಟು ಬೇಗ! ಥ್ಯಾಂಕ್ಸ್" ಎನ್ನುತ್ತಿದ್ದರು. ಮಾಡದ ಕೆಲಸಕ್ಕೆ ಥ್ಯಾಂಕ್ಸ್ ಯಾಕೆ ಎಂದು ಚುಕ್ಕಿಗೆ ಒಮ್ಮೊಮ್ಮೆ ಅನ್ನಿಸಿದ್ದುಂಟು. ದೊಡ್ಡ ದೇಶದವರು, ಮುಂಗಡವಾಗಿ ಹೇಳುತ್ತಾರೇನೋ ಎಂದುಕೊಂಡು ಉಬ್ಬಿಹೋಗುತ್ತಿದ್ದಳು.

ಹೀಗಿರುವಾಗ ಮಕ್ಕಳ ಶಾಂಪೂವಿನ ಇಂಗ್ಲಿಷ್ ಲೇಬಲ್ಲು ಬಂತು. ಅದರಲ್ಲಿ "ಕಣ್ಣಿಗೆ ತಾಗದಂತೆ ಬಳಸಿ" ಎಂದಿರಬೇಕಾದಲ್ಲಿ "ಕಣ್ಣಿಗೆ ತಾಗುವಂತೆ ಬಳಸಿ" ಎಂದಿತ್ತು. ತಕ್ಷಣ ತಿದ್ದು ಎಂದು ಮೇಡಂ ಬರೆದರು. "ಡನ್" ಎಂದಳು ಚುಕ್ಕಿ. ಕೈಯಲ್ಲಿದ್ದ ಇನ್ನೊಂದು ಕೆಲಸ ಮುಗಿಸಿ, ಮರುದಿನ ಬಂದವಳೇ ಮೊದಲು ಅದನ್ನೇ ತಿದ್ದಿದಳು. ಅಷ್ಟರಲ್ಲಿ ಅವಳ ಮಾತು ನಂಬಿ ಮೇಡಂ ಮುದ್ರಣಕ್ಕೆ ಹಸಿರು ನಿಶಾನೆ ತೋರಿಸಿಯಾಗಿತ್ತು. ಕಣ್ಣಿಗೆ ತಾಗುವಂತೆ ಬಳಸುವ ಶಾಂಪೂವಿನ ಲೇಬಲ್ಲು ಸುರುಳಿ ಸುರುಳಿಯಾಗಿ ಹೊರಬಿತ್ತು. ಬಾಟಲಿಗೆ ಅಂಟಿಸುವ ಮುಂಚೆ ಯಾರದೋ ಕಣ್ಣಿಗೆ ಬಿದ್ದದ್ದು ಪುಣ್ಯ, ಸುರುಳಿಗಳಷ್ಟೇ ಕಸಕ್ಕೆ ಹೋದವು.

"ಮಾಡದೆ ಮಾಡಿದೆ ಅಂದೆ" ಎಂದು ಮೇಡಂ ಬರೆದರು. ತಾನು ಹಾಗೆಂದದ್ದು ಯಾವಾಗ? ಚುಕ್ಕಿ ಪತ್ರಗಳನ್ನು ತಿರುಗಿಸಿ ಮುರುಗಿಸಿ ಓದಿದಳು. ಎಲ್ಲೂ ಸುಳ್ಳು ಕಾಣಲಿಲ್ಲ. ಒಪ್ಪಿಕೊಂಡದ್ದಷ್ಟೇ ಕಾಣಿಸಿತು.

ಸಂಜೆ ಮನೆಯಲ್ಲಿ ಅಮ್ಮನ ಹೊಲಿಗೆ ಮಿಷನ್ನು ಗಡಗಡ ಎನ್ನುತ್ತಿತ್ತು. ಅಮ್ಮ ಕಿಟಕಿ ಪರದೆ ಹೊಲಿದು ಕೊಡುವವಳು. ಹೊಲಿದ ಪರದೆಗಳ ರಾಶಿಯ ಪಕ್ಕ ಚುಕ್ಕಿ ಕೆನ್ನೆಗೆ ಕೈಕೊಟ್ಟು ಕೂತಿದ್ದಳು. ಒಳಗಿನಿಂದ ಅಮ್ಮ ಏನೋ ಕೂಗಿದಳು. ಪರದೆ, ಮಡಚು ಎಂಬಷ್ಟು ಕಿವಿಗೆ ಬಿತ್ತು.

"ಆಯ್ತಮ್ಮ" ಎಂದಳು ಚುಕ್ಕಿ, ಕೂತಲ್ಲಿಂದಲೇ.

ಸ್ವಲ್ಪ ಹೊತ್ತಿಗೆ ಗಿರಾಕಿ ಹೆಂಗಸು ಬಾಗಿಲಲ್ಲಿ ನಿಂತರು. "ಬನ್ನಿ, ಎಲ್ಲಾ ಮಡಚಿ ಇಟ್ಟಿದೀವಿ" ಎನ್ನುತ್ತಾ ಅಮ್ಮ ಹೊರಬಂದು ನೋಡಿದರೆ ರಾಶಿ ರಾಶಿಯಾಗಿಯೇ ಇತ್ತು. ಇಬ್ಬರೂ ಗಡಿಬಿಡಿಯಲ್ಲಿ ಮಡಚಿ ಕೊಟ್ಟು ಅವರನ್ನು ಕಳಿಸಿದರು.

"ಆಯ್ತು ಅಂದ್ಯಲ್ಲೇ! ನನ್ನ ಮಾನ ತೆಗೆದೆ."

"ಆಯ್ತು ಅಂದ್ರೆ ಮಡಚ್ತೀನಿ ಅಂತ! ಮಡಚಿಡು ಅಂತ ತಾನೆ ನೀನು ಹೇಳಿದ್ದು?"

"ನಾನೆಲ್ಲಿ ಹಾಗಂದೆ? ಪರದೆ ಮಡಚಿದ್ದು ಆಯ್ತಾ ಅಂತ ಕೇಳಿದೆ. ನೀನು ಆಯ್ತು ಅಂದೆ!"

ಚುಕ್ಕಿಗೆ ಆಗ ಹೊಳೆಯಿತು. ಮಾಡುತ್ತೇನೆ ಎಂದರೂ ಆಯ್ತು. ಮಾಡಿ ಮುಗಿಸಿದೆ ಎಂದರೂ ಆಯ್ತು. ಮನಸ್ಸಿನಲ್ಲಿದ್ದ ಆಯ್ತು ಎಂಬ ಒಪ್ಪಿಗೆಯನ್ನು ಅವಳು ಇಷ್ಟು ದಿನ ಡನ್ ಎಂದು ಬರೆದಿದ್ದಳು. ಇಂಗ್ಲಿಷಿನವರಿಗೆ ಡನ್ ಎಂದರೆ ಕೆಲಸ ಮುಗಿದಿದೆ.

ಬೆಳಿಗ್ಗೆ ಕಚೇರಿಯ ಗಾಜಿನ ಕೋಣೆಯಲ್ಲಿ ಕೂತು ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಅಮ್ಮನನ್ನೂ ಬಿಡಲಿಲ್ಲ, ಪರದೆಯನ್ನೂ ಬಿಡಲಿಲ್ಲ. ಮೇಡಂ ಕೆನ್ನೆ ಕೆರೆದುಕೊಂಡರು.

"ಒಂದೇ ಪದಕ್ಕೆ ಎರಡು ಅರ್ಥ. ಸರಿ, ನಂಬ್ತೀನಿ" ಎಂದರು. "ಆದರೆ ಒಂದು ಹೇಳು. ನೀನಿನ್ನೂ ಶುರುನೇ ಮಾಡದ ಕೆಲಸಕ್ಕೆ ನಾನು ಪ್ರತಿಸಲ ಥ್ಯಾಂಕ್ಸ್ ಹೇಳ್ತಿದ್ದೆ. ನಿಂಗೆ ವಿಚಿತ್ರ ಅನ್ನಿಸಲಿಲ್ವಾ?"

ಚುಕ್ಕಿಗೆ ಅನ್ನಿಸಿತ್ತು. ಕೇಳಿದರೆ ಪೆದ್ದಿ ಎಂದುಕೊಂಡಾರೆಂದು ಹೆದರಿಕೆ. ಹೊಗಳಿಕೆ ನಿಂತುಹೋಗದಿರಲಿ ಎಂಬ ಆಸೆಬುರುಕತನವೂ ಇತ್ತು, ಇಲ್ಲವೆನ್ನಲಾಗದು.

"ಅನ್ನಿಸಿತ್ತು" ಎಂದಳು. "ಕೇಳಲಿಲ್ಲ."

ಮೇಡಂ ಮುಂದಿದ್ದ ಕಾಗದ ಸರಿಸಿ, "ಈಗಲೇ ಖಾಯಂ ಮಾಡಲ್ಲ. ಪರೀಕ್ಷೆಯ ಅವಧಿ ಇನ್ನಷ್ಟು ಮುಂದುವರಿಸ್ತೀನಿ. ಸರೀನಾ?" ಎಂದರು.

ತುದಿನಾಲಿಗೆಗೆ ಬಂದಿದ್ದ ಡನ್ ಅನ್ನು ಚುಕ್ಕಿ ನುಂಗಿಕೊಂಡಳು.

"ನಂಗೆ ಅರ್ಥ ಆಗ್ಲಿಲ್ಲ. ಇದು ಶಿಕ್ಷೇನಾ, ಇನ್ನೊಂದು ಅವಕಾಶಾನಾ?"

ಆ ಕಂಪನಿಗೆ ಸೇರಿದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಮೇಡಂ ಹುಬ್ಬುಗಂಟಿಕ್ಕಿ ಯೋಚಿಸಿದರು. "ನಿಜ ಹೇಳಬೇಕಂದ್ರೆ ನಂಗೂ ಸರಿಯಾಗಿ ಗೊತ್ತಿಲ್ಲ. ಆದರೆ ಇನ್ಮೇಲೆ ಹೀಗೇ ಕೇಳ್ತಿರು" ಎಂದು ತೆರೆಯಿಂದ ಮಾಯವಾದರು.

ಮನೆ ತಲುಪಿದಾಗ ಅಮ್ಮ ಮಿಷನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದಳು. "ಏನೇ, ಕೆಲಸ ಖಾಯಂ ಆಯ್ತಾ?"

"ಇಲ್ಲಮ್ಮ, ಇನ್ನೂ ಆಗಿಲ್ಲ. ಆಗತ್ತೋ ಇಲ್ವೋ ಅದೂ ಗೊತ್ತಿಲ್ಲ" ಎಂದಳು ಚುಕ್ಕಿ.

ಅಮ್ಮ ಎದ್ದು ಬಂದು ಅವಳ ಹೆಗಲ ಚೀಲ ಇಳಿಸಿಕೊಂಡಳು. ತಲೆ ನೇವರಿಸಿದಳು.

"ಆಯ್ತು ಬಿಡು. ಕೈಕಾಲು ತೊಳ್ಕೊಂಡು ಊಟಕ್ಕೆ ಬಾ."

ಚುಕ್ಕಿ ಕಣ್ಣೊರೆಸಿಕೊಳ್ಳುತ್ತಾ ತಲೆಯೆತ್ತಿದಳು. ಇದು ಮಾಡುತ್ತೇನೆ ಎಂಬ ಆಯ್ತು ಅಲ್ಲ. ಮುಗಿಯಿತು ಎಂಬ ಆಯ್ತೂ ಅಲ್ಲ. ಮೇಡಂ ಕೇಳಿದರೆ ಇದನ್ನು ಅವರ ಭಾಷೆಯಲ್ಲಿ ಏನೆಂದು ಬರೆಯುವುದು? ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಳ್ಳುವಾಗಲೂ ಯೋಚಿಸಿದಳು, ಹೊಳೆಯಲಿಲ್ಲ.