ಖೋಟಾ ಎನಿಸಿಕೊಂಡ ಹಳದಿ ನೋಟು

ನಾನು ಇನ್ನೂರು ರೂಪಾಯಿಯ ಒಂದು ನೋಟು. ನೂರಕ್ಕೂ ಐನೂರಕ್ಕೂ ನಡುವೆ ಇನ್ನೊಂದು ನೋಟು ಬೇಕೆಂದು ದೊಡ್ಡವರು ತೀರ್ಮಾನಿಸಿದಾಗ ಮೊದಲು ಹುಟ್ಟಿದವರಲ್ಲಿ ನಾನೂ ಒಬ್ಬ. ಹೊಸ ಅಳತೆ, ಕಣ್ಣಿಗೆ ಹೊಡೆಯುವ ಹಳದಿ ಬಣ್ಣ, ಬೆನ್ನ ಮೇಲೆ ಸಾಂಚಿಯ ಸ್ತೂಪ. ಮುದ್ರಣಾಲಯದಲ್ಲಿ ಉಕ್ಕಿನ ಅಚ್ಚು ಎದೆಯ ಮೇಲೆ ಬಿದ್ದು ಒತ್ತಿದಾಗ ಉಸಿರೇ ನಿಂತಿತ್ತು. ಆಮೇಲೆ ಅಲಗು ಬಂದು ಒಡಹುಟ್ಟಿದವರಿಂದ ನನ್ನನ್ನು ಕತ್ತರಿಸಿತು. ಲೋಕದಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ಇರಲಾರದು ಎಂದುಕೊಂಡೆ.

ಗದಗಿನ ಕಡೆಯ ಗುತ್ತಿಗೆದಾರನೊಬ್ಬ ನನ್ನನ್ನು ಬ್ಯಾಂಕಿನಿಂದ ತಂದು ಗ್ಯಾನಪ್ಪನಿಗೆ ಕೂಲಿಯಾಗಿ ಕೊಟ್ಟ. ಗ್ಯಾನಪ್ಪ ಕಲ್ಲು ಕೆತ್ತುವವನು; ಅಂಗೈಯೆಲ್ಲ ದಡ್ಡುಗಟ್ಟಿತ್ತು. ಹೆಂಡತಿ ಹಡೆದು ಮಲಗಿದ್ದಳು. ಅವಳಿಗೆ ಸಾರು ಮಾಡಲು ಒಂದು ಜವಾರಿ ಕೋಳಿ ತರೋಣವೆಂದು ಪಕ್ಕದೂರಿನ ಸಂತೆಗೆ ಹೋದ.

ಕೋಳಿ ಮಾರುತ್ತಿದ್ದ ಸಕ್ರವ್ವ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಇದೇನೋ ಯಣ್ಣಾ, ಹುಡುಗೂರು ಆಡೂ ನೋಟು ಕೊಡ್ತಿ?"

"ಹೊಸಾದು ಬಂದೈತಿ ಯಕ್ಕಾ."

ಪಕ್ಕದಲ್ಲಿ ಕುರಿ ಮಾರುತ್ತಿದ್ದ ಅವಳ ಮೈದುನ ಭರಮಪ್ಪ ಎದ್ದು ಬಂದ. "ನೂರು ಐತಿ, ಐನೂರು ಐತಿ. ನಡುವ ಇದ್ಯಾವ್ದಲೇ ಇನ್ನೂರು? ಖೋಟಾ ನೋಟು ತಂದಾನ, ಹಿಡೀರಿ ಇವನ್ನ!"

ಗ್ಯಾನಪ್ಪ ಸಕ್ರವ್ವನ ಕೈಯಿಂದ ನನ್ನನ್ನು ಕಿತ್ತುಕೊಂಡು ಬಲಗೈಯಲ್ಲಿ ಮುಚ್ಚಿ ಹಿಡಿದ. ಸಂತೆಯ ಕಿವಿಗೆ ಬಿದ್ದದ್ದು ಖೋಟಾ ಎಂಬ ಒಂದೇ ಮಾತು. ಒಬ್ಬ ಕಪಾಳಕ್ಕೆ ಬಿಗಿದ. ಇನ್ನೊಬ್ಬ ತಕ್ಕಡಿಯ ಕಲ್ಲಿನಿಂದ ಬೆನ್ನಿಗೆ ಗುದ್ದಿದ. ನೆಲಕ್ಕೆ ಬಿದ್ದವನ ಪಕ್ಕೆಗೆ, ಹೊಟ್ಟೆಗೆ, ಮುಖಕ್ಕೆ ಒದ್ದರು. ಯಾಕೆ ಒದೆಯುತ್ತಿದ್ದೇವೆಂದು ಗೊತ್ತಿಲ್ಲದವರೂ ಓಡಿ ಬಂದು ಒದ್ದರು.

"ಮುಷ್ಟಿ ಬಿಡಲೇ!" ಭರಮಪ್ಪ ಕುರಿ ಕಟ್ಟುವ ಕಬ್ಬಿಣದ ಗೂಟ ಎತ್ತಿದ.

"ನನ್ನ ಕೂಲಿರೀ... ನಾ ದುಡದದ್ದು..."

ಗೂಟ ಆ ಕೈಯ ಮೇಲೆ ಬಿತ್ತು. ಮತ್ತೆ ಬಿತ್ತು. ಮೂಳೆ ಮುರಿಯುವ ಸದ್ದನ್ನು ನಾನು ಒಳಗಿನಿಂದಲೇ ಕೇಳಿದೆ. ಬಿಸಿ ರಕ್ತ ಬೆರಳ ಸಂದಿಯಿಂದ ಇಳಿದು ನನ್ನನ್ನು ತೋಯಿಸಿತು. ಆದರೂ ಮುಷ್ಟಿ ಬಿಚ್ಚಲಿಲ್ಲ.

"ಬ್ಯಾಡೋ ಭರಮಾ, ಸಾಯ್ತಾನ!" ಸಕ್ರವ್ವ ಅವನ ತೋಳಿಗೆ ಜೋತುಬಿದ್ದಳು.

ಪೊಲೀಸರು ಬಂದು ನನ್ನನ್ನು ಬಿಡಿಸಿಕೊಂಡು ಎದುರಿನ ಬ್ಯಾಂಕಿಗೆ ಒಯ್ದರು. ಕ್ಯಾಷಿಯರ್ ಒಮ್ಮೆ ಬೆಳಕಿಗೆ ಹಿಡಿದು ನೋಡಿದ. "ಖರೇ ನೋಟು ಐತ್ರಿ. ನಮ್ಮ ಕಡೇನೂ ಬಂದಾವು." ಆ ಮಾತು ಸಂತೆಗೆ ಮುಟ್ಟುವಷ್ಟರಲ್ಲಿ ಹೊಡೆದವರೆಲ್ಲ ಮಾಯವಾಗಿದ್ದರು.

ನಾನು ಸಾಕ್ಷಿಯ ವಸ್ತುವಾಗಿ ಲಕೋಟೆ ಸೇರಿದೆ. ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಏನೂ ನೋಡಿಲ್ಲ ಎನ್ನಬೇಕೆಂದು ಮನೆಯವರು ಸಕ್ರವ್ವನನ್ನು ಹೆದರಿಸಿದ್ದರಂತೆ. ಅವಳು ಕಟಕಟೆಯಲ್ಲಿ ನಿಂತು, "ಹೊಡದಾವ ಇವನ ರೀ, ನನ್ನ ಮೈದುನ. ಮೊದಲ ಸಂಶೇ ಪಟ್ಟಾಕಿ ನಾನ" ಎಂದಳು.

ಗ್ಯಾನಪ್ಪ ನನ್ನನ್ನು ಗುರುತು ಹಿಡಿದ. ಬಲಗೈ ಮರಗಟ್ಟಿ ಪಕ್ಕದಲ್ಲಿ ತೂಗುತ್ತಿತ್ತು.

"ಇನ್ನೇನಾದರೂ ಹೇಳುವುದಿದೆಯೇ?" ನ್ಯಾಯಾಧೀಶರು ಕೇಳಿದರು.

"ನೋಟು ಖರೇ ಅಂತ ಬರಸ್ರಿ ಸಾಹೇಬ್ರ. ನಮ್ಮೂರಾಗ ಇನ್ನೂ ನನ್ನ ಖೋಟಾ ಗ್ಯಾನಪ್ಪ ಅಂತಾರ."

ನ್ಯಾಯಾಧೀಶರು ಅದನ್ನು ಬರೆಸಿದರು. ಅವನು ಎಡಗೈಯಿಂದ ಕಣ್ಣೊರೆಸಿಕೊಂಡ.

ಭರಮಪ್ಪನಿಗೆ ಜೈಲಾಯಿತು, ಮೇಲಿನ ಕೋರ್ಟಿಗೆ ಹೋಗಿದ್ದಾನೆ. ಅದು ಮುಗಿಯುವವರೆಗೆ ನಾನು ಕೋರ್ಟಿನ ಈ ಕಬ್ಬಿಣದ ಕಪಾಟಿನಲ್ಲೇ ಇರಬೇಕು. ಹೊರಗೆ ನನ್ನ ಒಡಹುಟ್ಟಿದವರು ಎಲ್ಲರ ಜೇಬಿನಲ್ಲೂ ಸಲೀಸಾಗಿ ಓಡಾಡುತ್ತಿದ್ದಾರಂತೆ. ನನ್ನಿಂದ ಒಂದು ಕೋಳಿಯನ್ನೂ ಯಾರೂ ಕೊಳ್ಳಲಿಲ್ಲ.