ಅರಿಶಿನಕುಂಟೆಯ ಅರ್ಧ ಹಡಗು

ಪ್ರೈಮರಿ ಶಾಲೆಯ ಮೇಷ್ಟ್ರು ಲಕ್ಷ್ಮಯ್ಯ ಸಮುದ್ರ ಕಂಡವನಲ್ಲ. ಅವನ ಗೆಳೆಯ, ಅರಿಶಿನಕುಂಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಪಿಳ್ಳಪ್ಪನೂ ಕಂಡವನಲ್ಲ. ಆದರೂ ಹಡಗು ಕಟ್ಟುವ ಹುಚ್ಚು ಇಬ್ಬರಿಗೂ ಹಿಡಿದಿತ್ತು. ನಿಜವಾದ ಹಡಗಲ್ಲ, ಬೀರುವಿನ ಮೇಲೆ ಇಡುವಂಥ ಮೊಳದುದ್ದದ್ದು. ಊರಿನವರು ನಗುತ್ತಿದ್ದರು. ನಗುವವರು ನಗಲಿ, ನೀರಿಲ್ಲದ ಊರಿನಲ್ಲಿ ಹಡಗು ಮುಳುಗುವ ಭಯವಾದರೂ ಇಲ್ಲವಲ್ಲ!

ಗಿರಣಿಯ ಹಿಂದಿನ ಕೋಣೆಯೇ ಅವರ ಬಂದರು. ಮುರಿದ ಗರಗಸದ ಅಲಗನ್ನು ಕಲ್ಲಿಗೆ ಮಸೆದು ಚಾಕು ಮಾಡಿಕೊಂಡಿದ್ದರು. ಸೈಕಲ್ ಕಡ್ಡಿಯ ತುದಿ ಚಪ್ಪಟೆ ಮಾಡಿದರೆ ತೂತು ಕೊರೆಯುವ ಬೈರಿಗೆ. ಮರ ಹೆರೆಯಲು ಒಡೆದ ಲಾಂದ್ರದ ಗಾಜು. ನೂಲಿಗೆ ಮೇಣದಬತ್ತಿ ಉಜ್ಜಿದರೆ ಹಡಗಿನ ಹಗ್ಗ, ಹಳೆ ಪಂಚೆ ಹರಿದರೆ ಹಾಯಿ. ಅಂಟು ಹಚ್ಚಿದ ತುಂಡುಗಳನ್ನು ಕಚ್ಚಿ ಹಿಡಿಯಲು ಮಾತ್ರ ಪಿಳ್ಳಪ್ಪನ ಹೆಂಡತಿ ಅಕ್ಕಯಮ್ಮನ ಹೇರ್‌ಪಿನ್ನುಗಳೇ ಆಗಬೇಕು. ಆಕೆ ಪಿನ್ನು ಹುಡುಕಿಕೊಂಡು ಬಿಚ್ಚಿದ ಜಡೆಯಲ್ಲಿ ಗಿರಣಿಯೊಳಗೆ ನುಗ್ಗಿದಳೆಂದರೆ ರಾಗಿ ಬೀಸಿಸಲು ಬಂದವರೂ ದಾರಿ ಬಿಡುತ್ತಿದ್ದರು.

ಹೀಗಿರುವಾಗ ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಲಕ್ಷ್ಮಯ್ಯನಿಗೆ ನಂದಗುಡಿಗೆ ವರ್ಗವಾಯಿತು. ಹೊಸಕೋಟೆ ದಾಟಿ ಇನ್ನೂ ಆಚೆ. ಬೆಂಗಳೂರಿನಲ್ಲಿ ಬಸ್ಸು ಬದಲಿಸಿ ಬಂದು ಹೋಗುವುದರಲ್ಲಿ ಭಾನುವಾರವೇ ಮುಗಿದುಹೋಗುತ್ತಿತ್ತು. ಅವನ ಹೆಂಡತಿ ಮುನಿವೆಂಕಟಮ್ಮ ಒಂದು ದಿನ ಎದುರಿಗೆ ಕೂರಿಸಿಕೊಂಡು ತೀರ್ಮಾನ ಹೇಳಿದಳು.

"ಕೈಲಿರೋ ಹಡಗು ಮುಗಿಯೋವರ್ಗೂ ತಿಂಗಳಿಗೊಂದು ಭಾನುವಾರ ಹೋಗ್ಬನ್ನಿ, ಬೇಡ ಅನ್ನಲ್ಲ. ಅದು ಮುಗಿದ್ಮೇಲೆ ಆ ಕಡೆ ತಲೆ ಹಾಕ್ಕೂಡ್ದು. ಏನಂತೀರಿ?"

ಲಕ್ಷ್ಮಯ್ಯ ಆಗಲಿ ಎಂದು ಮಾತು ಕೊಟ್ಟ. ಕೊಟ್ಟ ಮಾತಿಗೆ ತಪ್ಪುವವನಲ್ಲ ಅವನು. ತಪ್ಪಿದರೆ ಬಿಡುವವಳೂ ಅಲ್ಲ ಅವಳು. ಈ ಕರಾರನ್ನು ಮುಂದಿನ ಭಾನುವಾರ ಪಿಳ್ಳಪ್ಪನಿಗೂ ತಿಳಿಸಿದ.

ಕೈಯಲ್ಲಿದ್ದದ್ದು ಮೂರು ಹಾಯಿಕಂಬದ ದೊಡ್ಡ ಹಡಗು. ಅದರ ಒಡಲನ್ನು ಹಾಲೆಮರದಲ್ಲಿ ಎರಡು ಅರ್ಧಗಳಾಗಿ ಕೆತ್ತಿ, ಆಮೇಲೆ ಅಂಟಿಸಬೇಕು. ಹಿಂದಿನ ಹಡಗಿನಲ್ಲಿ ಒಬ್ಬ ಹೆರೆದದ್ದನ್ನು ಇನ್ನೊಬ್ಬ ಹೆರೆದು, ಇವನು ಸರಿಮಾಡಿದ್ದನ್ನು ಅವನು ಸರಿಮಾಡಿ, ಕೊನೆಗೆ ಒಡಲೇ ತೂತುಬಿದ್ದು ಜಗಳವಾಗಿತ್ತು. ಆದ್ದರಿಂದ ಈ ಸಲ ಬಲಮಗ್ಗುಲು ಲಕ್ಷ್ಮಯ್ಯನದು, ಎಡಮಗ್ಗುಲು ಪಿಳ್ಳಪ್ಪನದು. ಅವರವರ ಮನೆಯಲ್ಲಿ ಕೆತ್ತುವುದು, ಮುಗಿಯುವ ತನಕ ಒಬ್ಬರದನ್ನು ಒಬ್ಬರು ನೋಡುವಂತಿಲ್ಲ. ಅಳತೆಗೆ ಒಂದೇ ಆಕಾರದ ಎರಡು ರಟ್ಟು ಕತ್ತರಿಸಿ ಹಂಚಿಕೊಂಡರು. ಭಾನುವಾರಗಳಂದು ಕೂತು ಕಂಬ, ಹಗ್ಗ, ಲಂಗರು ಮಾಡಿದರು.

ಯುಗಾದಿಗೆಲ್ಲ ಲಕ್ಷ್ಮಯ್ಯನ ಬಲಮಗ್ಗುಲು ಮುಗಿದಿತ್ತು. ಆದರೂ ಅವನು ದಿನಾ ಸಂಜೆ ಉಪ್ಪುಕಾಗದ ಹಿಡಿದು ಉಜ್ಜುತ್ತಲೇ ಇದ್ದ. ಹಡಗು ಮುಗಿದರೆ ಪಿಳ್ಳಪ್ಪನೂ ಮುಗಿದ ಹಾಗೆ. ನಂದಗುಡಿಯಲ್ಲಿ ಮಾತನಾಡಲು ಜನ ಬೇಕಾದಷ್ಟಿದ್ದರು, ಬೈಯಲು ಮಾತ್ರ ಒಬ್ಬ ಗೆಳೆಯನಿರಲಿಲ್ಲ. ಕೊನೆಗೆ ಮುನಿವೆಂಕಟಮ್ಮನೇ ಅದರ ಮೇಲೆ ಬೆರಳಾಡಿಸಿ, "ಇನ್ನೇನ್ರೀ ಉಜ್ತೀರಿ? ನನ್ನ ಕೆನ್ನೆಗಿಂತ ನುಣ್ಣಗಾಗಿದೆ. ಹೋಗಿ ಅಂಟಿಸ್ಬನ್ನಿ" ಎಂದಳು.

ಆ ಭಾನುವಾರ ಲಕ್ಷ್ಮಯ್ಯ ತನ್ನ ಅರ್ಧವನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಂದ. ಬಾಣಂತಿಯ ಮಗುವೂ ಅಷ್ಟು ಜೋಪಾನವಾಗಿ ಬಸ್ಸಿನಲ್ಲಿ ಬಂದಿರಲಾರದು. ಪಿಳ್ಳಪ್ಪ ತನ್ನದನ್ನೂ ತಂದ. ಎರಡನ್ನೂ ಬೆನ್ನಿಗೆ ಬೆನ್ನು ಸೇರಿಸಿದರು. ಮೂತಿಗೆ ಮೂತಿ ಕೂಡಿಸಿದರೆ ಒಂದರ ತಳ ಮೇಲಾಗಿ ಆಕಾಶ ನೋಡಿತು. ತಳ ಸರಿಮಾಡಿದರೆ ಒಂದರ ಮೂತಿ ಇನ್ನೊಂದರ ಬಾಲಕ್ಕೆ ಹೋಯಿತು. ಹೇಗೆ ಮಗುಚಿದರೂ ಅಷ್ಟೇ.

ಕಾಫಿ ತಂದ ಅಕ್ಕಯಮ್ಮ ಬಗ್ಗಿ ನೋಡಿ, "ಎರಡೂ ಬಲಗಾಲಿನ ಚಪ್ಪಲಿ" ಎಂದಳು.

"ಲೇ, ರಟ್ಟು ಮಗುಚಿ ಹಾಕ್ಕೊಂಡು ಕೆತ್ಬೇಕಿತ್ತು ಕಣೋ!" ಲಕ್ಷ್ಮಯ್ಯ ಕೂಗಿದ. "ಎಡಮಗ್ಗುಲು ನಿಂದಲ್ವೇನೋ?"

"ಮಕ್ಕಳಿಗೆ ಎಡ ಬಲ ಹೇಳ್ಕೊಡೋ ಮೇಷ್ಟ್ರು ನೀನು. ಆವತ್ತೇ ಬಿಡಿಸಿ ಹೇಳ್ಬೇಕಿತ್ತು!" ಪಿಳ್ಳಪ್ಪ ಅದಕ್ಕಿಂತ ಜೋರಾಗಿ ಕೂಗಿದ.

"ರಟ್ಟು ತಿರುಗಿಸೋಕ್ ಬರ್ದೆ ಇರೋನು ಗಿರಣಿ ಹೆಂಗ್ ತಿರುಗಿಸ್ತೀಯೋ! ಒಂದು ವರ್ಷದ ಕೆಲಸ ಮಣ್ಣುಪಾಲು ಮಾಡ್ದೆ. ಸಾಕು, ನಿನ್ನ ಸಹವಾಸಾನೇ ಸಾಕು."

ಲಕ್ಷ್ಮಯ್ಯ ಟವೆಲ್ಲು ಕೊಡವಿ ಎದ್ದೇಬಿಟ್ಟ. ಬಾಗಿಲ ತನಕ ಹೋದವನು ಚಪ್ಪಲಿ ಮೆಟ್ಟದೆ ಅಲ್ಲೇ ನಿಂತ. ಆದರೆ ಅಷ್ಟು ಜೋರಾಗಿ ಕೂಗಿದ ಮೇಲೆ ತಾನಾಗಿ ವಾಪಸು ಬರುವುದು ಹೇಗೆ?

"ಕೂತ್ಕೊಳಣ್ಣ," ಎಂದಳು ಅಕ್ಕಯಮ್ಮ. "ಇವ್ರಿಗೆ ಸಂಕ್ರಾಂತಿಗೇ ಗೊತ್ತಾಗಿತ್ತು. ಎಡ ಕೆತ್ತೋ ಬದ್ಲು ಬಲ ಕೆತ್ಬಿಟ್ಟೆ ಅಂತ ಹಣೆ ಬಡ್ಕೊಂಡ್ರು. ಬೇರೆ ಮರ ತಗೊಂಡು ಕೆತ್ತಿ, ಟೈಮಿದೆ ಅಂದೆ. ಬ್ಯಾಡ ಕಣೇ, ಇದು ಅಂಟ್ಕೊಂಡ್ರೆ ಲಕ್ಷ್ಮಯ್ಯ ಬರೋದು ನಿಂತೋಗುತ್ತೆ ಅಂದ್ರು."

ಪಿಳ್ಳಪ್ಪ ಅಷ್ಟು ಹೊತ್ತಿಗೆ ಗಿರಣಿಯ ಬೆಲ್ಟಿಗೆ ಏನೋ ಆಗಿದೆ ಎಂಬಂತೆ ಅತ್ತ ತಿರುಗಿ ನಿಂತಿದ್ದ. ಗಿರಣಿ ಓಡುತ್ತಲೇ ಇರಲಿಲ್ಲ.

ಲಕ್ಷ್ಮಯ್ಯನಿಗೆ ಸಂತೋಷವಾಯಿತು, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಂತೋಷ. ಬಂದು ಕೂತು ತಣ್ಣಗಾದ ಕಾಫಿ ಕುಡಿದ. "ನಾನೂ ಯುಗಾದಿಯಿಂದ ಸುಮ್‌ಸುಮ್ನೆ ಉಜ್ತಿದ್ದೆ ಕಣೋ," ಎಂದ. "ಈಗ ಎಡಮಗ್ಗುಲು ಯಾರು ಕೆತ್ತೋದು?"

"ಇಬ್ರೂ," ಎಂದ ಪಿಳ್ಳಪ್ಪ, ಇನ್ನೂ ಬೆಲ್ಟಿನ ಕಡೆಗೇ ನೋಡುತ್ತ. "ಬಲ ಎರಡಿದಾವಲ್ಲ. ಎಡ ನೀನೊಂದು, ನಾನೊಂದು."

ನಂದಗುಡಿಗೆ ಮರಳಿದಾಗ ಮುನಿವೆಂಕಟಮ್ಮ ತಟ್ಟೆ ಇಟ್ಟು ಕೇಳಿದಳು.

"ಮುಗೀತಾ?"

ಲಕ್ಷ್ಮಯ್ಯ ಸುಳ್ಳು ಹೇಳಲಿಲ್ಲ. ನಡೆದದ್ದನ್ನೆಲ್ಲ, ಪಿಳ್ಳಪ್ಪ ಬೆಲ್ಟಿನ ಕಡೆ ತಿರುಗಿ ನಿಂತದ್ದನ್ನೂ ಬಿಡದೆ, ಹೇಳಿದ. ಅವಳು ಮುದ್ದೆ ಬಡಿಸುವ ಕೈ ನಿಲ್ಲಿಸಿ ಕೇಳಿಸಿಕೊಂಡಳು.

"ಅಲ್ಲಾ, ಒಂದು ಹಡಗು ಮುಗಿಸ್ಬನ್ನಿ ಅಂದ್ರೆ ಇನ್ನೊಂದು ಹೆತ್ಕೊಂಡು ಬಂದಿದ್ದೀರಲ್ಲ!" ಎಂದಳು. ನಗು ತಡೆಯಲು ನೋಡಿದಳು, ಆಗಲಿಲ್ಲ. "ಎರಡೂ ಮುಗಿಯೋಕೆ ಇನ್ನೊಂದು ವರ್ಷ ಬೇಕೇನ್ರೀ?"

"ಎರಡು ವರ್ಷ ಅಂತಿಟ್ಕೋ," ಎಂದ ಲಕ್ಷ್ಮಯ್ಯ, ಮುದ್ದೆ ಮುರಿಯುತ್ತ. "ಪಿಳ್ಳಪ್ಪನ ಕೈ ಸ್ವಲ್ಪ ನಿಧಾನ."